ಮಗನಿಗೆ ಅಪ್ಪ ಎಳ್ಳುನೀರು ಬಿಟ್ಟಾಗ

ನಮ್ಮೂರ ಕೆರೆ ಏರಿಯ ಕೆಳಗೆ ಎರಡು ಕಲ್ಲುಗಳಿವೆ. ಒಂದು ವೀರಗಲ್ಲು, ಪಕ್ಕದಲ್ಲೇ ಒಂದು ಮಾಸ್ತಿಕಲ್ಲು. ಚಿಕ್ಕವರಿದ್ದಾಗ ವೀರಗಲ್ಲೇ ನಮಗೆ ವಿಕೆಟ್. ಅಗಲ ಜಾಸ್ತಿ ಆಯ್ತು, ಇದು ಮೋಸ ಅಂತ ಬ್ಯಾಟ್ ಹಿಡಿದವನು ದಿನಾ ಜಗಳ ತೆಗೆಯುತ್ತಿದ್ದ. ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೋದಾಗ, ಎಷ್ಟೋ ವರ್ಷದ ಮೇಲೆ, ಅದರ ಮುಂದೆ ಕೂತು ಸರಿಯಾಗಿ ನೋಡಿದೆ. ಯಾರೋ ಎಣ್ಣೆ ಸುರಿದು ಅರಿಶಿನ ಕುಂಕುಮ ಹಚ್ಚಿದ್ದರು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಆರಾಮಾಗಿ ಕೂತಿದ್ದಾನೆ. ಮೂರೇ ಪಟ್ಟಿಗೆ ಕಥೆ ಮುಗೀತು. ಕೆಲವು ಕಲ್ಲುಗಳ ಮೇಲೆ ಒಂದು ಶ್ಲೋಕವೂ ಇರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಅಳಿದುಹೋಗುವ ಈ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅಂತ. ಎರಡು ಕಡೆಯಿಂದಲೂ ಲಾಭವೇ. ಈ ಶ್ಲೋಕ ಕಟ್ಟಿದವನು ಖಂಡಿತ ಮುಂದಿನ ಸಾಲಿನಲ್ಲಿ ನಿಂತು ಕಾದಿದವನಲ್ಲ ಅಂತ ನನ್ನ ಗುಮಾನಿ.

ಬೆಂಗಳೂರಿನವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಊರಿನ ಹೆಸರು ಮೊದಲು ಸಿಗುವುದು ಬೇಗೂರಿನ ದೇವಸ್ಥಾನದ ಕಲ್ಲಿನಲ್ಲಿ. ಸುಮಾರು 9ನೇ ಶತಮಾನದ ಕೊನೆಯದು. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಊರಿನ ಹೆಸರು ಬಂದಿದ್ದೇ ಒಬ್ಬ ಸತ್ತವನ ಹೆಸರಿನ ಜೊತೆ.

ನಮ್ಮೂರ ಮಾಸ್ತಿಕಲ್ಲಿನ ಮೇಲೆ ಇಷ್ಟೆಲ್ಲ ಇಲ್ಲ. ಒಂದು ಕಂಬ, ಕಂಬದಿಂದ ಹೊರಬಂದ ಒಂದು ತೋಳು. ಮೊಣಕೈ ಮಡಚಿ ಅಂಗೈ ಮೇಲೆತ್ತಿದೆ. ಕೈತುಂಬ ಬಳೆ. ಗಂಡನ ಚಿತೆ ಏರಿದವಳು ಅನ್ನುವುದಕ್ಕೆ ಅಷ್ಟೇ ಗುರುತು. ಗಂಡನಿಗೆ ಕುದುರೆ, ಕತ್ತಿ, ಅಪ್ಸರೆ, ಸ್ವರ್ಗ ಎಲ್ಲ ಕೆತ್ತಿದ ಶಿಲ್ಪಿಗೆ ಇವಳ ಮುಖ ಕೆತ್ತಬೇಕು ಅನ್ನಿಸಲಿಲ್ಲ.

ಬಳೆ ನೋಡುತ್ತ ಕೂತಾಗ ರನ್ನ ನೆನಪಾದ. ಅವನು ಮುಧೋಳದ ಬಳೆಗಾರರ ಮನೆಯವನು, 949ರಲ್ಲಿ ಹುಟ್ಟಿದವನು. ಅವನಿಗೆ ಆಸರೆಯಾದ ಅತ್ತಿಮಬ್ಬೆಯ ಕಥೆ ಗೊತ್ತಲ್ವಾ? ಗಂಡ ದಂಡನಾಯಕ ನಾಗದೇವ. ಅವನು ಸತ್ತಾಗ ಅವನ ಇನ್ನೊಬ್ಬ ಹೆಂಡತಿ, ಅಂದರೆ ಅತ್ತಿಮಬ್ಬೆಯ ಸ್ವಂತ ತಂಗಿ ಗುಂಡಮಬ್ಬೆ, ಚಿತೆ ಏರಿದಳು. ಅತ್ತಿಮಬ್ಬೆ ಮಗನಿಗೋಸ್ಕರ ಉಳಿದಳು. ಇಂಥ ಮನೆಯ ಅನ್ನ ಉಂಡ ಕವಿ ರನ್ನ. ಶ್ಲೋಕದ ಮಾತು ಅವನ ಕಿವಿಗೂ ಬಿದ್ದಿರುತ್ತದೆ. ಆದರೆ ಅವನು ಬರೆದದ್ದು ಬೇರೆ.

‘ಗದಾಯುದ್ಧ’ ಬರೆದದ್ದು ರಾಜ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳುವುದಕ್ಕೆ. ಗೆದ್ದವನ ಕಾವ್ಯ. ಆದರೂ ಅದನ್ನು ಓದಿದ ಯಾರನ್ನಾದರೂ ಕೇಳಿ, ನೆನಪಿರುವುದು ದುರ್ಯೋಧನನ ಆ ನಡಿಗೆ. ಹನ್ನೊಂದು ಅಕ್ಷೋಹಿಣಿ ಸೈನ್ಯ ಇದ್ದವನು ಈಗ ಸಂಜಯನ ಜೊತೆ, ಹೆಣಗಳ ನಡುವೆ ದಾರಿ ಮಾಡಿಕೊಂಡು, ಶರಶಯ್ಯೆಯ ಮೇಲಿರುವ ಭೀಷ್ಮನನ್ನು ನೋಡಲು ಹೋಗುತ್ತಾನೆ. ಕಾಲಿಟ್ಟಲ್ಲಿ ನೆತ್ತರು, ಮುರಿದ ರಥ, ಆನೆಯ ಹೆಣ. ಮರುಳುಗಳು ಅವನನ್ನು ಕೆಣಕುತ್ತವೆ, ಮರುಳು ನಾನೋ ನೀನೋ ಅಂತ. ಹಳಗನ್ನಡದಲ್ಲಿ ಮರುಳು ಅಂದರೆ ಪಿಶಾಚಿಯೂ ಹೌದು, ಹುಚ್ಚನೂ ಹೌದು. ರಾಜನಿಗೆ ಉತ್ತರ ಕೊಡಲು ಬಾಯಿಲ್ಲ.

ಮೊದಲು ದ್ರೋಣ. ಆಮೇಲೆ ಅಭಿಮನ್ಯು. ಅವನು ಶತ್ರುವಿನ ಮಗ, ಇವನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನನಗೆ ಸಿಗಲಿ ಅಂತ ಅವನ ಹೆಣದ ಮುಂದೆ ಕೇಳಿಕೊಳ್ಳುತ್ತಾನೆ. ಮುಂದೆ ಹೋದರೆ ತನ್ನದೇ ಮಗ ಲಕ್ಷ್ಮಣಕುಮಾರ ಬಿದ್ದಿದ್ದಾನೆ. ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’ ಅನ್ನುತ್ತಾನೆ. ಅಪ್ಪನಿಗೆ ಮಗ ಎಳ್ಳುನೀರು ಬಿಡಬೇಕು, ಅದು ಸರಿ. ಈಗ ನಾನು ನಿನಗೆ ಬಿಡುವ ಹಾಗೆ ಮಾಡಿದೆಯಲ್ಲ, ಇಂಥ ‘ಕ್ರಮವಿಪರ್ಯಯ’ ಮಾಡಬಹುದಾ ಮಗನೇ ಅಂತ.

ಅಲ್ಲಿಂದ ದುಶ್ಶಾಸನನ ಹೆಣ. ಅಲ್ಲಿ ಇನ್ನೂ ಸಣ್ಣ ಲೆಕ್ಕ. ಅಮ್ಮನ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟಕ್ಕೆ ಕೂತಾಗಲೂ ನಾನು ಮೊದಲು, ನೀನು ಆಮೇಲೆ. ಚಿಕ್ಕಂದಿನಿಂದ ಒಂದು ದಿನವೂ ಮೀರಿದವನಲ್ಲ. ಸಾಯುವುದರಲ್ಲಿ ಮಾತ್ರ ನನಗಿಂತ ಮುಂಚೆ ಹೋದೆಯಲ್ಲ ಅಂತ. ಸೀರೆ ಎಳೆದ ದುಶ್ಶಾಸನ ಇವನೇ. ಎದೆ ಸೀಳಿಸಿಕೊಂಡು ಬಿದ್ದ ಅವನ ಹೆಣದ ಮುಂದೆ ಅಣ್ಣನಿಗೆ ನೆನಪಾಗುವುದು ಹಾಲು ಕುಡಿದ ಸರದಿ. ಈ ಪದ್ಯವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಸಾರಾಂಶ ಬರೆದು ಅಂಕ ತೆಗೆದುಕೊಂಡವನು ನಾನು. ನನ್ನ ತಮ್ಮ ಒಮ್ಮೆ ಆಸ್ಪತ್ರೆ ಸೇರುವ ತನಕ ಅದು ನನಗೆ ತಾಗಿರಲಿಲ್ಲ.

ಕ್ರಮವಿಪರ್ಯಯ ಅಂದರೆ ಸರದಿ ತಲೆಕೆಳಗಾಗುವುದು. ಯುದ್ಧದ ಬಗ್ಗೆ ನಾನು ಓದಿದ ಒಳ್ಳೆಯ ಬರಹಗಳೆಲ್ಲ ಕೊನೆಗೆ ಈ ಒಂದು ಪದದ ಸುತ್ತಲೇ ಬಂದು ನಿಲ್ಲುತ್ತವೆ. ರನ್ನನಿಗಿಂತ ಸುಮಾರು 1400 ವರ್ಷ ಮೊದಲು ಗ್ರೀಕರ ಹೆರೋಡೋಟಸ್ ಸೋತ ರಾಜ ಕ್ರೀಸಸ್‌ನ ಬಾಯಲ್ಲಿ ಇದೇ ಮಾತು ಹೇಳಿಸಿದ್ದ. ಶಾಂತಿಯಲ್ಲಿ ಮಕ್ಕಳು ಅಪ್ಪಂದಿರನ್ನು ಮಣ್ಣು ಮಾಡುತ್ತಾರೆ, ಯುದ್ಧದಲ್ಲಿ ಅಪ್ಪಂದಿರು ಮಕ್ಕಳನ್ನು ಅಂತ. ಮುಧೋಳದವನಿಗೆ ಗ್ರೀಸಿನವನ ಪುಸ್ತಕ ಸಿಕ್ಕಿರಲು ಸಾಧ್ಯವಿಲ್ಲ. ಹೆಣದ ಮುಂದೆ ನಿಂತ ಅಪ್ಪ ಎರಡೂ ಕಡೆ ಒಂದೇ ಅಲ್ವಾ.

ಈಗ ಜರ್ಮನಿಯ ಎರಿಕ್ ಮರಿಯಾ ರಿಮಾರ್ಕ್‌ಗೆ ಬರುತ್ತೇನೆ. ಮೊದಲ ಮಹಾಯುದ್ಧದಲ್ಲಿ ಸಿಪಾಯಿಯಾಗಿ 1917ರಲ್ಲಿ ಗಾಯಗೊಂಡವನು. 1929ರಲ್ಲಿ ಪುಸ್ತಕವಾಗಿ ಬಂದ ಅವನ ಕಾದಂಬರಿ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಅಂದರೆ ಎಲ್ಲರೂ ಕಂದಕ, ಇಲಿ, ವಿಷಗಾಳಿ ಅನ್ನುತ್ತಾರೆ. ನನಗೆ ಅದರಲ್ಲಿ ದೊಡ್ಡ ಭಾಗ ಕಥಾನಾಯಕ ಪಾಲ್ ರಜೆಗೆ ಮನೆಗೆ ಬರುವುದು.

ಯುದ್ಧಭೂಮಿಯಿಂದ ಬಂದ ಮಗ ಚೀಲ ಬಿಚ್ಚಿ ಮನೆಯವರಿಗೆ ಬ್ರೆಡ್ಡು, ಬೆಣ್ಣೆ, ಚೀಸ್ ಕೊಡುತ್ತಾನೆ. ಊರಿನಲ್ಲಿ ತಿನ್ನಲು ಇಲ್ಲ. ಸಾಯಲು ಹೋದವನು ಮನೆಯಲ್ಲಿದ್ದವರಿಗೆ ಊಟ ತರುತ್ತಾನೆ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಅಲ್ಲಿ ತುಂಬ ಕಷ್ಟವಾ ಮಗ ಅಂತ ಕೇಳುತ್ತಾಳೆ. ಅಷ್ಟೇನಿಲ್ಲಮ್ಮ ಅನ್ನುತ್ತಾನೆ. ಅಪ್ಪನಿಗೆ ಯುದ್ಧದ ಕಥೆ ಬೇಕು, ಜೊತೆಗೆ ಹೋಗುವಾಗ ಮಗ ಯೂನಿಫಾರ್ಮ್ ಹಾಕಿಕೊಂಡರೆ ಇನ್ನೂ ಸಂತೋಷ. ಬಿಯರ್ ಕುಡಿಯುತ್ತ ಕೂತ ಊರಿನ ದೊಡ್ಡವರು ಯಾವ ಯಾವ ದೇಶದ ಎಷ್ಟು ಜಾಗ ಕಸಿದುಕೊಳ್ಳಬೇಕು ಅಂತ ಚರ್ಚೆ ಮಾಡುತ್ತಾರೆ. ಪಾಲ್ ಏನೋ ಹೇಳಲು ಹೋದರೆ, ನೀನು ನಿನ್ನ ಮೂಲೆ ಮಾತ್ರ ನೋಡಿದ್ದೀಯ, ಒಟ್ಟು ವಿಷಯ ನಿನಗೆ ಗೊತ್ತಾಗಲ್ಲ ಅನ್ನುತ್ತಾರೆ! ರಾತ್ರಿ ಒಂಬತ್ತರ ಟಿವಿ ಚರ್ಚೆ ನೋಡುವವರಿಗೆ ಈ ಮೇಜು ಚೆನ್ನಾಗಿ ಗೊತ್ತಿರುತ್ತದೆ. ನಾನಂತೂ ಈ ವರ್ಷ ಕೇಬಲ್ ತೆಗೆಸಿದೆ.

ಆಮೇಲೆ ಅವನು ಸತ್ತ ಗೆಳೆಯನ ಅಮ್ಮನನ್ನು ನೋಡಲು ಹೋಗುತ್ತಾನೆ. ಗೆಳೆಯ ಕಾಲು ಕತ್ತರಿಸಿಕೊಂಡು, ಆಸ್ಪತ್ರೆಯ ಮಂಚದ ಮೇಲೆ ಅಳುತ್ತ ನಿಧಾನವಾಗಿ ಸತ್ತಿದ್ದ. ಪಾಲ್ ಪಕ್ಕದಲ್ಲೇ ಇದ್ದ. ಅಮ್ಮನಿಗೆ ಮಾತ್ರ ಗುಂಡು ಬಿದ್ದ ತಕ್ಷಣ ಹೋದ ಅನ್ನುತ್ತಾನೆ. ಅವಳು ನಂಬುವುದಿಲ್ಲ. ಆಣೆ ಮಾಡು ಅನ್ನುತ್ತಾಳೆ. ಇದು ಸುಳ್ಳಾದರೆ ನಾನೂ ವಾಪಸ್ ಬರದೆ ಹೋಗಲಿ ಅಂತ ಆಣೆ ಮಾಡುತ್ತಾನೆ. ಕಾದಂಬರಿ ಮುಗಿಯುವಾಗ ಅವನು ವಾಪಸ್ ಬರುವುದಿಲ್ಲ.

1933ರಲ್ಲಿ ನಾಜಿಗಳು ಈ ಪುಸ್ತಕವನ್ನು ಬೀದಿಯಲ್ಲಿ ಸುಟ್ಟರು. ರಿಮಾರ್ಕ್ ದೇಶ ಬಿಟ್ಟು ಹೋಗಿದ್ದ. ಅವನ ತಂಗಿ ಎಲ್ಫ್ರೀಡೆ ಜರ್ಮನಿಯಲ್ಲೇ ಉಳಿದಳು. ಬಟ್ಟೆ ಹೊಲಿದು ಬದುಕುವವಳು. ಯುದ್ಧ ಸೋತಂಗೇ ಅಂತ ಆಡಿದ ಮಾತನ್ನು ಯಾರೋ ಚಾಡಿ ಹೇಳಿದರು. ನಿನ್ನ ಅಣ್ಣ ತಪ್ಪಿಸಿಕೊಂಡ, ನೀನು ತಪ್ಪಿಸಿಕೊಳ್ಳುವುದಿಲ್ಲ ಅಂತ ನ್ಯಾಯಾಧೀಶ ಹೇಳಿದನಂತೆ. 1943ರ ಡಿಸೆಂಬರಿನಲ್ಲಿ ಅವಳ ತಲೆ ಕಡಿದರು. ಅದಾದ ಮೇಲೆ ಶಿಕ್ಷೆಯ ಖರ್ಚಿನ ಬಿಲ್ಲನ್ನು ಅವಳ ಅಕ್ಕನ ಮನೆಗೆ ಕಳಿಸಿದರು. ಬಂದೂಕು ಹಿಡಿದ ಅಣ್ಣ ಉಳಿದ, ಸೂಜಿ ಹಿಡಿದ ತಂಗಿ ಹೋದಳು.

ಹೆಂಗಸರ ಮಾತು ಬಂದಿದ್ದಕ್ಕೆ ಸ್ವೆತ್ಲಾನಾ ಅಲೆಕ್ಸಿಯೆವಿಚ್. 2015ರಲ್ಲಿ ನೊಬೆಲ್ ಬಂದ ಬೆಲಾರೂಸಿನ ಲೇಖಕಿ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯಲ್ಲಿ ಲಕ್ಷಗಟ್ಟಲೆ ಹುಡುಗಿಯರಿದ್ದರು. ನರ್ಸುಗಳು ಮಾತ್ರ ಅಲ್ಲ, ಗುರಿಕಾರರು, ಪೈಲಟ್‌ಗಳು, ಟ್ಯಾಂಕ್ ಓಡಿಸುವವರು. ಅವರನ್ನು ಹುಡುಕಿಕೊಂಡು ಈಕೆ ಟೇಪ್ ರೆಕಾರ್ಡರ್ ಹಿಡಿದು ಊರೂರು ಅಲೆದಳು. ಒಂದು ಮನೆಯಲ್ಲಿ ಗಂಡನೂ ಹೆಂಡತಿಯೂ ಯುದ್ಧಕ್ಕೆ ಹೋಗಿ ಬಂದವರೇ. ಗಂಡ ಒಳಗೆ ಹೋಗುವಾಗ ಹೆಂಡತಿಗೆ ಹೇಳುತ್ತಾನೆ, ನಾನು ಕಲಿಸಿದ ಹಾಗೆ ಹೇಳು, ಅಳಬೇಡ, ಹೆಂಗಸರ ಚಿಲ್ಲರೆ ವಿಷಯ ಬೇಡ. ಹಿಂದಿನ ರಾತ್ರಿಯೆಲ್ಲ ಅವನು ಅವಳಿಗೆ ಯುದ್ಧದ ಇತಿಹಾಸದ ದಪ್ಪ ಪುಸ್ತಕ ಓದಿಸಿದ್ದನಂತೆ. ಅಲ್ಲೇ ಇದ್ದು ಬಂದವಳಿಗೆ! ಅಲೆಕ್ಸಿಯೆವಿಚ್ ಬರೆದ ಪುಸ್ತಕ ಪೂರ್ತಿ ಆ ಚಿಲ್ಲರೆ ವಿಷಯವೇ. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಕೆಂಪು ಬಣ್ಣ ಆಗದವರು, ಸೇನೆಯಲ್ಲಿದ್ದಳು ಅಂದರೆ ಮದುವೆ ಆಗಲ್ಲ ಅಂತ ಪದಕ ಬಚ್ಚಿಟ್ಟವರು.

ನಮ್ಮಲ್ಲೂ ಇದೆ. ಭೈರಪ್ಪನವರ ‘ಪರ್ವ’ದಲ್ಲಿ ಕುರುಕ್ಷೇತ್ರಕ್ಕೆ ನಾತ ಇದೆ. ಹೆಣದ್ದು, ಹೇಲಿನದ್ದು. ದೇವರು ಪವಾಡ ಯಾವುದೂ ಇಲ್ಲ, ಊಟ ಎಲ್ಲಿಂದ ತರೋದು ಅನ್ನುವ ಚಿಂತೆ ಇದೆ. ಕೊನೆಗೆ ಗೆದ್ದವರ ಮುಂದೆ ಬಸುರಿ ಹೆಂಗಸರು ಬಂದು ನಿಲ್ಲುತ್ತಾರೆ, ಸೈನಿಕರು ಕೆಡಿಸಿದವರು. ಮಕ್ಕಳ ಅಪ್ಪ ಯಾರು ಅಂತ ಹೇಳುವವರಿಲ್ಲ. ಮಗನನ್ನು ಕಳೆದುಕೊಂಡ ಅಪ್ಪ ರನ್ನನಲ್ಲಿ, ಅಪ್ಪನೇ ಇಲ್ಲದ ಮಕ್ಕಳು ಇಲ್ಲಿ. ಆ ಪುಟಗಳ ಬಗ್ಗೆ ಬೈದವರೂ ಇದ್ದಾರೆ. ಅವನ್ನು ತೆಗೆದರೆ ಆ ಕಾದಂಬರಿ ಅರ್ಧ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇಷ್ಟು ಬರೆಯುವುದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು, 1971ರಲ್ಲಿ ಪಂಜಾಬ್ ಕಡೆ ಇದ್ದರು. ಯುದ್ಧದ ಕಥೆ ಹೇಳಿ ಅಂತ ಚಿಕ್ಕಂದಿನಲ್ಲಿ ಎಷ್ಟು ಕಾಡಿದರೂ ಚಳಿ ಬಗ್ಗೆ ಹೇಳುತ್ತಿದ್ದರು, ಅಡುಗೆಯವನು ಸಾಂಬಾರ್ ಅಂತ ಮಾಡಿದ್ದು ಎಂಥದ್ದು ಅಂತ ಹೇಳುತ್ತಿದ್ದರು, ಅಷ್ಟೇ. ಈ ಸಲ ವೀರಗಲ್ಲಿನ ಹತ್ತಿರದಿಂದ ಬಂದು ಜಗಲಿ ಮೇಲೆ ಕೂತಾಗ, ಕೇಳದೆ ಇದ್ದರೂ ಅವರೇ ಶುರು ಮಾಡಿದರು.

“ಸತ್ತೋರ ಟ್ರಂಕು ಮನೆಗೆ ಕಳಿಸೋ ಕೆಲಸ ನಂಗೆ ಬಿದ್ದಿತ್ತು ಕಣಪ್ಪ. ಸಾಮಾನೆಲ್ಲ ಪಟ್ಟಿ ಮಾಡ್ಬೇಕು. ಬಾಚಣಿಗೆ ಒಂದು, ಕನ್ನಡಿ ಒಂದು, ಬನೀನು ಎರಡು, ಅರ್ಧ ಬರೆದ ಕಾಗದ ಒಂದು. ಆಮೇಲೆ ಬೀಗ ಹಾಕಿ ಸೀಲು.”

ಸುಮ್ಮನಾದರು. ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

“ಹಾಸನದ ಕಡೆ ಹುಡುಗ ಒಬ್ಬ ಇದ್ದ. ಅವನ ಟ್ರಂಕಲ್ಲಿ ಮೂರು ಕಟ್ಟು ಬೀಡಿ ಇತ್ತು. ಪಟ್ಟೀಲಿ ಬರೀಲಿಲ್ಲ ನಾನು.”

“ಯಾಕೆ ದೊಡ್ಡಪ್ಪ?”

“ಅವನು ಬೀಡಿ ಸೇದ್ತಾನೆ ಅಂತ ಅವರವ್ವನಿಗೆ ಗೊತ್ತಿರಲಿಲ್ಲ. ರಜೆಗೆ ಹೋದಾಗ ಮುಟ್ತಾನೇ ಇರಲಿಲ್ಲವಂತೆ.”

“ಮತ್ತೆ ಆ ಬೀಡಿ ಏನು ಮಾಡಿದ್ರಿ?”

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚಿದರು. ತೊಟ್ಟು ಮುರಿದು ಎಸೆದರು.

“ನಾವು ನಾಲ್ಕು ಜನ ಸೇದಿದ್ವಿ,” ಅಂದರು.