ಆಟೊಮ್ಯಾಟಿಕ್ ಹಬ್ ತೆಗೆದು ಮ್ಯಾನ್ಯುಯಲ್ ಹಬ್ ಹಾಕಿಸುವ ಮುನ್ನ

ಫೋರ್ ವೀಲ್ ಡ್ರೈವ್ ಪಿಕಪ್‌ನ ಮುಂದಿನ ಚಕ್ರಗಳ ಆಟೊಮ್ಯಾಟಿಕ್ ಲಾಕಿಂಗ್ ಹಬ್‌ಗಳನ್ನು (ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ ತಾವಾಗಿಯೇ ಸೇರಿಸುವ, ಬಿಡಿಸುವ ಭಾಗಗಳನ್ನು) ತೆಗೆದು, ಕೈಯಿಂದ ಲಾಕ್ ಮಾಡುವ ಮ್ಯಾನ್ಯುಯಲ್ ಹಬ್ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಹಬ್ ಬದಲಿಸುವುದೇ ಒಳ್ಳೆಯದು ಎನ್ನುವ ಪಕ್ಷದವನಾದರೂ ಈ ಕಾರಣವನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಕೆಲಸ ಮಾಡುತ್ತಿರುವ ಆಟೊಮ್ಯಾಟಿಕ್ ಹಬ್ ಕೂಡ ಟೂ ವೀಲ್ ಡ್ರೈವ್‌ನಲ್ಲಿ ಚಕ್ರವನ್ನು ಆಕ್ಸಲ್ ಶಾಫ್ಟ್‌ನಿಂದ ಬಿಡಿಸಿಯೇ ಇಟ್ಟಿರುತ್ತದೆ. ಉಳಿಯಬೇಕಾದ ಇಂಧನ ಆಗಲೇ ಉಳಿದಿರುತ್ತದೆ. ಚಕ್ರವು ಶಾಫ್ಟ್‌ಗೆ ಸೇರಿಕೊಂಡಿದೆಯೋ ಇಲ್ಲವೋ ಎಂಬುದನ್ನು ಯಂತ್ರದ ಊಹೆಗೆ ಬಿಡದೆ ಚಾಲಕನೇ ತೀರ್ಮಾನಿಸಬಹುದು ಎಂಬುದೊಂದೇ, ನನ್ನ ದೃಷ್ಟಿಯಲ್ಲಿ, ಈ ಖರ್ಚಿಗೆ ತಕ್ಕ ಕಾರಣ.

ಎರಡನೇ ಮಹಾಯುದ್ಧದ ಜೀಪುಗಳಲ್ಲಿ ಇಂಥ ಹಬ್ ಇರಲಿಲ್ಲ. ಮುಂದಿನ ಚಕ್ರಗಳು ಶಾಫ್ಟ್‌ಗೆ ಸದಾ ಬಿಗಿದುಕೊಂಡೇ ಇರುತ್ತಿದ್ದವು. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಟ್ಟು ಓಡಿಸಿದಾಗಲೂ ಮುಂದಿನ ಶಾಫ್ಟ್‌ಗಳು, ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್, ಅದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಸುಮ್ಮನೆ ಸುತ್ತುತ್ತ ಸವೆಯುತ್ತಿದ್ದವು. ಯುದ್ಧ ಮುಗಿದ ಮೇಲೆ ನಾಗರಿಕರ ಕೈಗೆ ಬಂದ ಅಂಥ ಜೀಪುಗಳಿಗಾಗಿಯೇ ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ಲಾಕಿಂಗ್ ಹಬ್ ತಯಾರಿಕೆ ಆರಂಭಿಸಿದರು. ಮೈಲೇಜ್ ಮಾತಿಗೆ ಅರ್ಥವಿದ್ದದ್ದು ಅಲ್ಲಿ. ಇಳಿದು ಕೈಯಿಂದ ಹಬ್‌ನ ಮೇಲಿನ ಡಯಲ್ ತಿರುಗಿಸುವ ತೊಂದರೆ ಬೇಡವೆಂದು ಆಮೇಲೆ ಬಂದದ್ದು ಆಟೊಮ್ಯಾಟಿಕ್ ಹಬ್.

ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಮ್ ಮಾದರಿಯ ಹಬ್. ಟ್ರಾನ್ಸ್‌ಫರ್ ಕೇಸ್ ಅನ್ನು (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆಯನ್ನು) ಲಿವರ್‌ನಿಂದ ಫೋರ್ ವೀಲ್‌ಗೆ ಹಾಕಿ ಗಾಡಿ ಚಲಿಸಿದಾಗ ಆಕ್ಸಲ್ ಶಾಫ್ಟ್ ತಿರುಗುತ್ತದೆ. ಒಳಗೆ ತಿರುಗದಂತೆ ಹಿಡಿದಿಟ್ಟ ಒಂದು ಭಾಗದ ಎದುರು ಕ್ಯಾಮ್‌ನ ಇಳಿಜಾರು ಏರಿ, ಜಾರುವ ಗೇರೊಂದು ಹಬ್‌ನ ಹಲ್ಲುಗಳಿಗೆ ಹೋಗಿ ಕೂರುತ್ತದೆ. ಬಿಡಿಸಬೇಕಾದರೆ ಟೂ ವೀಲ್‌ಗೆ ಹಾಕಿ ಒಂದೆರಡು ಮೀಟರ್ ಹಿಂದಕ್ಕೆ ಓಡಿಸಬೇಕು. ಜಾಣತನದ ವಿನ್ಯಾಸವೇ, ಅನುಮಾನವಿಲ್ಲ. ಆದರೆ ಲಾಕ್ ಆಗುವುದಕ್ಕೂ ಬಿಡಿಸಿಕೊಳ್ಳುವುದಕ್ಕೂ ಶಾಫ್ಟ್ ತಿರುಗುವ ದಿಕ್ಕನ್ನೇ ಅದು ಸೂಚನೆಯಾಗಿ ತೆಗೆದುಕೊಳ್ಳುತ್ತದೆ, ತೊಡಕು ಹುಟ್ಟುವುದೂ ಅಲ್ಲೇ. ಕೆಸರಿನಲ್ಲಿ ಹೂತ ಗಾಡಿಯನ್ನು ಹಿಂದೆ ಮುಂದೆ ತೂಗಿಸಿ ಹೊರಗೆ ತೆಗೆಯಲು ನೋಡುವಾಗ, ದಿಕ್ಕು ಬದಲಾದ ಪ್ರತಿ ಸಲವೂ ಹಬ್ ಬಿಟ್ಟುಕೊಂಡು ಮತ್ತೆ ಸೇರಬೇಕಾಗುತ್ತದೆ. ಚಕ್ರ ಹಿಡಿತಕ್ಕಾಗಿ ತಡಕಾಡುತ್ತಿರುವ ಆ ಗಳಿಗೆಯಲ್ಲೇ ಮುಂದಿನ ಆಕ್ಸಲ್ ಕೈಕೊಡಬಹುದು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ನೆಚ್ಚಿ ಇಳಿಯುವಾಗ ಶಾಫ್ಟ್ ಚಕ್ರವನ್ನು ತಿರುಗಿಸುವ ಬದಲು ಚಕ್ರವೇ ಶಾಫ್ಟ್ ಅನ್ನು ತಿರುಗಿಸುತ್ತದೆ. ಆಗಲೂ ಕೆಲವು ವಿನ್ಯಾಸಗಳು ಬಿಟ್ಟುಕೊಳ್ಳುತ್ತವೆ. ಇದರ ಮೇಲೆ ಒಳಗಿನ ಗ್ರೀಸ್ ಚಳಿಗೆ ಗಟ್ಟಿಯಾದರೆ ಅಥವಾ ಹಳತಾಗಿ ಅಂಟಾದರೆ, ಹಬ್ ಸೇರಬೇಕಾದಾಗ ಸೇರದು, ಬಿಡಬೇಕಾದಾಗ ಬಿಡದು.

ಗಾಳಿಯ ಎಳೆತದಿಂದ ಲಾಕ್ ಆಗುವ ವ್ಯಾಕ್ಯೂಮ್ ಹಬ್‌ಗಳ ಕಥೆ ಬೇರೆ. ಅಲ್ಲಿ ಗಾಳಿ ಎಳೆಯುವ ಕೊಳವೆ, ಸೀಲ್, ಸ್ವಿಚ್‌ಗಳಲ್ಲಿ ಯಾವುದೊಂದು ಸೋರಿದರೂ ಹಬ್ ಸೇರುವುದಿಲ್ಲ. 1998ರಿಂದ 2000ದವರೆಗಿನ ಫೋರ್ಡ್ ರೇಂಜರ್‌ಗಳಲ್ಲಿದ್ದ ಪಲ್ಸ್ ವ್ಯಾಕ್ಯೂಮ್ ಹಬ್‌ಗಳನ್ನು ತೆಗೆದು ಮ್ಯಾನ್ಯುಯಲ್ ಹಾಕಿಸಿಕೊಂಡವರು ಬಹಳ ಮಂದಿ. ಅದೇ ಕಂಪನಿಯ ಸೂಪರ್ ಡ್ಯೂಟಿ ಟ್ರಕ್‌ನ ವ್ಯಾಕ್ಯೂಮ್ ಹಬ್‌ಗೆ ಹೊರಗಿನಿಂದ ಕೈಯಲ್ಲಿ ಲಾಕ್ ಮಾಡುವ ಡಯಲ್ ಕೂಡ ಇದೆ. ನನಗೆ ಹೆಚ್ಚು ಹಿಡಿಸುವ ಏರ್ಪಾಡು ಇದು. ಇಂಥ ಗಾಡಿಯಿರುವವರು ಹಬ್ ಬದಲಿಸಲು ಅವಸರಪಡಬೇಕಿಲ್ಲ.

ಮ್ಯಾನ್ಯುಯಲ್ ಹಬ್ ಹಾಕಿಸಿದಾಗ ಸಿಗುವ ಇನ್ನೆರಡು ಅನುಕೂಲಗಳ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಹಬ್‌ಗಳನ್ನು ಫ್ರೀ ಸ್ಥಿತಿಯಲ್ಲೇ ಬಿಟ್ಟು ಟ್ರಾನ್ಸ್‌ಫರ್ ಕೇಸ್ ಅನ್ನು ಫೋರ್ ಲೋಗೆ (ನಿಧಾನ, ಹೆಚ್ಚು ಬಲದ ಫೋರ್ ವೀಲ್ ಗೇರ್‌ಗೆ) ಹಾಕಿದರೆ ಹಿಂದಿನ ಚಕ್ರಗಳಿಗೆ ಮಾತ್ರ ಲೋ ಗೇರ್ ಸಿಗುತ್ತದೆ. ಗಟ್ಟಿ ನೆಲದ ಮೇಲೆ ಟ್ರೇಲರ್ ಅನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ ನಿಲ್ಲಿಸುವಾಗ ಸ್ಟಿಯರಿಂಗ್ ಬಿಗಿಯಾಗದೆ ಕೆಲಸವಾಗುತ್ತದೆ. ಆದರೆ ಲೋ ಗೇರಿನ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳುವುದರಿಂದ ಕಾಲು ಹಗುರವಾಗಿರಬೇಕು. ಎರಡನೆಯದು, ಮುಂದಿನ ಶಾಫ್ಟ್‌ನ ಜಾಯಿಂಟ್ ಮುರಿದರೆ ಹಬ್‌ಗಳನ್ನು ಬಿಡಿಸಿ ಹಿಂದಿನ ಚಕ್ರಗಳ ಬಲದಲ್ಲೇ ಮನೆ ಸೇರಬಹುದು.

ಅನನುಕೂಲವೂ ಇದೆ, ಅದನ್ನು ಮುಚ್ಚಿಡಬಾರದು. ಫೋರ್ ವೀಲ್ ಬೇಕಾದೀತು ಎಂಬುದನ್ನು ಮೊದಲೇ ಊಹಿಸಿ, ಗಟ್ಟಿ ನೆಲದಲ್ಲಿರುವಾಗಲೇ ಇಳಿದು ಲಾಕ್ ಮಾಡಬೇಕು. ಹೂತುಕೊಂಡ ಮೇಲೆ ಇಳಿದರೆ ಡಯಲ್ ಇರುವುದೇ ಕೆಸರಿನೊಳಗೆ. ಡಾಂಬರು ರಸ್ತೆಯಲ್ಲೇ ಓಡಾಡುತ್ತ, ಒಮ್ಮೊಮ್ಮೆ ಮಳೆಗೋ ಹಿಮಕ್ಕೋ ಸಿಕ್ಕಾಗ ಮಾತ್ರ ಫೋರ್ ವೀಲ್ ಬಳಸುವವರು, ತಮ್ಮ ಆಟೊಮ್ಯಾಟಿಕ್ ಹಬ್ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ಶುದ್ಧ ಮಾಡಿ ಹೊಸ ಗ್ರೀಸ್ ಹಾಕಿಸುವುದೇ ಲೇಸು. ಹಬ್ ಲಾಕ್ ಮಾಡಿಟ್ಟು ಟೂ ವೀಲ್‌ನಲ್ಲಿ ಓಡಿಸಿದರೆ ಏನೋ ಮುರಿಯುತ್ತದೆ ಎಂಬ ಭಯ ಮಾತ್ರ ಬೇಡ. ಒಣ ರಸ್ತೆಯಲ್ಲಿ ಅಪಾಯವಿರುವುದು ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್‌ನಲ್ಲಿದ್ದಾಗ. ಹಬ್ ಲಾಕ್ ಇದ್ದು ಲಿವರ್ ಟೂ ವೀಲ್‌ನಲ್ಲಿದ್ದರೆ ಆಗುವುದು ಸ್ವಲ್ಪ ಹೆಚ್ಚು ಎಳೆತ, ಸ್ವಲ್ಪ ಸವೆತ, ಅಷ್ಟೆ. ಹವೆ ಕೆಟ್ಟಿರುವ ದಿನಗಳಲ್ಲಿ ಬೆಳಗ್ಗೆಯೇ ಲಾಕ್ ಮಾಡಿಬಿಟ್ಟು, ಬೇಕಾದಾಗ ಲಿವರ್ ಹಾಕಿಕೊಳ್ಳುವುದು ಒಳ್ಳೆಯ ರೂಢಿ.

ಇನ್ನು ಕೆಲಸದ ವಿಚಾರ. ಹಬ್ ಬದಲಿಸುವುದೆಂದರೆ ಮುಚ್ಚಳ ತೆಗೆದು ಇನ್ನೊಂದನ್ನು ಕೂರಿಸುವುದು ಎಂದು ತಿಳಿದವರೇ ಹೆಚ್ಚು. ಬಹಳಷ್ಟು ಗಾಡಿಗಳಲ್ಲಿ ಇದು ಅರ್ಧಕ್ಕರ್ಧ ವೀಲ್ ಬೇರಿಂಗ್ ಕೆಲಸ. ಕ್ಯಾಮ್ ಮಾದರಿಯ ಹಬ್ ಇರುವ ಎಷ್ಟೋ ಆಕ್ಸಲ್‌ಗಳಲ್ಲಿ ಆ ಕ್ಯಾಮ್ ಕೂರುವುದು ಬೇರಿಂಗ್ ಬಿಗಿ ಹಿಡಿಯುವ ನಟ್‌ನ ಜಾಗದಲ್ಲೇ. ಅದನ್ನು ತೆಗೆದ ಮೇಲೆ ಒಳಗಿನ ನಟ್, ಲಾಕ್ ವಾಷರ್, ಹೊರಗಿನ ನಟ್ ಇರುವ ಬೇರೆ ಸೆಟ್ ಬೇಕಾಗುತ್ತದೆ, ಅದು ಹೊಸ ಹಬ್‌ನ ಪೆಟ್ಟಿಗೆಯಲ್ಲಿ ಇರಲೇಬೇಕೆಂದಿಲ್ಲ. ಒಳಗಿನ ನಟ್ ಅನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಬೇರಿಂಗ್ ಕೂತ ಮೇಲೆ ಸಡಿಲಿಸಿ, ಆ ಗಾಡಿಯ ಕೈಪಿಡಿ ಹೇಳಿದ ಅಳತೆಗೆ ಮತ್ತೆ ಬಿಗಿಯಬೇಕು. ಅತಿಯಾಗಿ ಬಿಗಿದರೆ ಬೇರಿಂಗ್ ಬಿಸಿಯಾಗಿ ಸುಡುತ್ತದೆ, ಸಡಿಲ ಬಿಟ್ಟರೆ ಚಕ್ರ ಅಲುಗುತ್ತದೆ. ಹಬ್ ಕೊಳ್ಳುವ ಮುನ್ನ ಶಾಫ್ಟ್‌ನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಎಣಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಆಕ್ಸಲ್ ಬಂದಿರಬಹುದು.

ಗ್ರೀಸ್ ವಿಷಯದಲ್ಲಿ ಧಾರಾಳತನ ಬೇರಿಂಗ್‌ಗೆ ಮಾತ್ರ ಇರಲಿ. ಹಬ್‌ನ ಒಳಭಾಗಕ್ಕೆ ತೆಳುವಾಗಿ ಸವರಿದರೆ ಸಾಕು. ತುಂಬಿಬಿಟ್ಟರೆ ಜಾರುವ ಗೇರ್ ಜಾರುವುದಿಲ್ಲ. ಮುಚ್ಚಳದ ಸಣ್ಣ ಸ್ಕ್ರೂಗಳ ಟಾರ್ಕ್ ಅನ್ನು ಎಷ್ಟೋ ಸೂಚನಾ ಪತ್ರಗಳಲ್ಲಿ ಇಂಚು-ಪೌಂಡ್‌ನಲ್ಲಿ ಕೊಟ್ಟಿರುತ್ತಾರೆ. ಅದನ್ನು ಫುಟ್-ಪೌಂಡ್ ಎಂದು ಓದಿದರೆ 12 ಪಟ್ಟು ಹೆಚ್ಚು ಬಿಗಿದಂತೆ, ಸ್ಕ್ರೂ ಅಲ್ಲೇ ತುಂಡಾಗುತ್ತದೆ. ವ್ಯಾಕ್ಯೂಮ್ ಹಬ್ ತೆಗೆದವರು ಅದರ ಕೊಳವೆಯನ್ನು ಭದ್ರವಾಗಿ ಮುಚ್ಚಬೇಕು.

ಎಲ್ಲ ಮುಗಿದ ಮೇಲೆ ಗಾಡಿಯನ್ನು ಟೂ ವೀಲ್‌ನಲ್ಲಿಟ್ಟು, ಮುಂದಿನ ಒಂದೊಂದೇ ಚಕ್ರವನ್ನು ಜ್ಯಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಬೇಕು: ಡಯಲ್ ಫ್ರೀ ಇದ್ದಾಗ ಶಾಫ್ಟ್ ಸುಮ್ಮನಿರಬೇಕು, ಲಾಕ್ ಇದ್ದಾಗ ಚಕ್ರದೊಡನೆ ತಿರುಗಬೇಕು. ಎರಡೂ ಬದಿಯ ಡಯಲ್ ಯಾವಾಗಲೂ ಒಂದೇ ಸ್ಥಿತಿಯಲ್ಲಿರಬೇಕು. ಒಂದು ಲಾಕ್, ಒಂದು ಫ್ರೀ ಆದರೆ, ಡಿಫರೆನ್ಷಿಯಲ್ ಸಾಮಾನ್ಯದ್ದಾಗಿದ್ದಲ್ಲಿ, ಫ್ರೀ ಇರುವ ಬದಿಯ ಶಾಫ್ಟ್ ಬರಿದೇ ಸುತ್ತಿ ಮುಂದಿನ ಚಕ್ರಗಳಿಗೆ ಎಳೆತವೇ ಸಿಗುವುದಿಲ್ಲ. ಸ್ವಲ್ಪ ದೂರ ಓಡಿಸಿ ಬಂದು ಹಬ್ ಮುಟ್ಟಿ ನೋಡಿ, ಒಂದು ಬದಿ ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಆ ಬದಿಯ ಬೇರಿಂಗ್ ಅನ್ನು ಮತ್ತೆ ಹೊಂದಿಸಬೇಕು. ಫೋರ್ ವೀಲ್ ಬೇಕಾಗದ ತಿಂಗಳುಗಳಲ್ಲೂ ಆಗಾಗ ಡಯಲ್ ತಿರುಗಿಸಿ, ಲಾಕ್ ಮಾಡಿ ಕೆಲವು ಕಿಲೋಮೀಟರ್ ಓಡಿಸುತ್ತಿದ್ದರೆ ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ಎಲ್ಲ ಗೇರ್‌ಗಳಿಗೂ ತಾಗುತ್ತದೆ, ಡಯಲ್ ಕೂಡ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ.