ಬುಧಾಯ ನಮಃ ಡಾಟ್ ಕಾಮ್

ಹುಬ್ಬಳ್ಳಿಯಲ್ಲಿ ಈಗ ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಸುಗ್ಗಿ. ಕೊಪ್ಪಿಕರ ರಸ್ತೆಯ ಅಂಗಡಿ ಫಲಕಗಳ ಕೆಳಗೆ ಸಣ್ಣಗೆ ಬರೆಸಿರುವ ವೆಬ್‌ಸೈಟ್ ವಿಳಾಸಗಳನ್ನು ಓದಿ ನೋಡಿ. ಸೀರೆ ಅಂಗಡಿಗೆ ಸಾಲಾಗಿ ಮೂರು ‘ಎ’, ಪಾತ್ರೆ ಅಂಗಡಿಗೆ ಕೊನೆಯಲ್ಲೊಂದು ಅನಾಥ ‘ಎಚ್’, ಬೇಕರಿಗೆ ನಡುನಡುವೆ ಎರಡು ಅಡ್ಡಗೆರೆ. ಫಲಕ ಬರೆದವನ ಕೈತಪ್ಪು ಎಂದುಕೊಳ್ಳಬೇಡಿ. ಅವೆಲ್ಲ ಸಂಖ್ಯಾಶಾಸ್ತ್ರಿಗಳಿಗೆ ದಕ್ಷಿಣೆ ಕೊಟ್ಟು ಹಾಕಿಸಿಕೊಂಡ ಅಕ್ಷರಗಳು. ಡೊಮೇನ್ ಹೆಸರಿಗೆ, ಅಂದರೆ ಈ ವಿಳಾಸಕ್ಕೆ, ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ. ಅದರೊಳಗಿನ ಹೆಚ್ಚುವರಿ ‘ಎ’ಗೆ ಅದರ ಹಲವು ಪಟ್ಟು.

ಶಾಸ್ತ್ರವನ್ನು ಸುಮ್ಮನೆ ಹಳಿಯಬಾರದೆಂದು ನಾನೂ ಕ್ಯಾಲ್ಡಿಯನ್ ಪದ್ಧತಿಯ ಕೋಷ್ಟಕ ಹಿಡಿದು ಕುಳಿತೆ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದು ಅಂಕಿ, ಕೂಡಿಸಿ ಉಳಿದ ಒಂದಂಕಿಗೆ ಒಂದು ಗ್ರಹ, ಇಷ್ಟೇ ಅದರ ಲೆಕ್ಕ. ಮೊದಲು ನಮ್ಮ ಊರಿನ ಹಳೆಯ ಇಂಗ್ಲಿಷ್ ಹೆಸರು. ಎಚ್ 5, ಯು 6, ಬಿ 2, ಎಲ್ 3, ಐ 1. ಒಟ್ಟು 17, ಒಂದೂ ಏಳೂ ಎಂಟು. ಎಂಟು ಎಂದರೆ ಶನಿ! ಬ್ರಿಟಿಷರು ಹೋದರೂ ಅವರು ಕೂರಿಸಿದ ಶನಿ ಹೋಗಿರಲಿಲ್ಲ. 2014ರ ನವೆಂಬರ್ 1ರಂದು ರಾಜ್ಯ ಸರ್ಕಾರ ಇನ್ನೊಂದು ಬಿ, ಒಂದು ಎ, ಇನ್ನೊಂದು ಎಲ್ ಸೇರಿಸಿತು. ಒಟ್ಟು 23, ಅಂದರೆ 5. ಐದು ಬುಧ, ವ್ಯಾಪಾರದ ಒಡೆಯ. ಕೈಗಾರಿಕೆ ತರುತ್ತೇವೆ ಎಂದು ಸಮಾವೇಶದ ಮೇಲೆ ಸಮಾವೇಶ ಮಾಡಿದವರೆಲ್ಲ ಸೇರಿ ಆಗದ ಕೆಲಸ ಮೂರು ಅಕ್ಷರಗಳಲ್ಲಿ ಆಗಿಹೋಗಿದೆ, ನಮಗೇ ಗೊತ್ತಿರಲಿಲ್ಲ.

ಧಾರವಾಡದ್ದು ಎಂದಿನಂತೆ ಕುಳಿತಲ್ಲೇ ದೊರೆತ ಭಾಗ್ಯ. ಒಂದಕ್ಷರವನ್ನೂ ಬದಲಿಸದೆ ಅದೂ 23. ನಸುಕಿನಲ್ಲೇ ಎದ್ದು ಅಂಗಡಿಯ ಬಾಗಿಲು ತೆಗೆಯುವ ನಮಗೂ ಬುಧ, ಮಧ್ಯಾಹ್ನದ ನಿದ್ದೆ ಮುಗಿಸಿ ಪೇಡೆ ಸವಿಯುವ ಅವರಿಗೂ ಬುಧ. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರ ಪಾಲಿಕೆಗೆ ಕಟ್ಟಿದ್ದಾರಲ್ಲ, ಆದ್ದರಿಂದ 23ಕ್ಕೆ 23 ಕೂಡಿಸಿದೆ. 46, ಅದು 10, ಅದು 1. ಸಾಕ್ಷಾತ್ ಸೂರ್ಯ! ಆ ಬೆಳಕಿನಲ್ಲಿ ನಮ್ಮ ರಸ್ತೆಗಳ ಧೂಳು ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಬೇರೆ ಮಾತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು ಮಾತ್ರ ಹುಷಾರಾಗಿರಬೇಕು. ಆ ಊರನ್ನು ಇಂಗ್ಲಿಷಿನಲ್ಲಿ ಆರು ಅಕ್ಷರಗಳಲ್ಲಿ ಬರೆದರೆ ಗುರು, ನಡುವೆ ಇನ್ನೊಂದು ‘ಎ’ ಸೇರಿಸಿದರೆ ರಾಹು. ಮೆಣಸಿನಕಾಯಿಗೆ ರಾಹುವೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನೂ ಇದೆ. ಡಾಟ್ ಕಾಮ್‌ನ ಸಿ 3, ಓ 7, ಎಂ 4: ಒಟ್ಟು 14, ಅಂದರೆ ಮತ್ತೆ 5, ಮತ್ತೆ ಬುಧ. ಅಂದ ಮೇಲೆ ಯಾವ ಹೆಸರಿಟ್ಟರೂ ಬಾಲದಲ್ಲಿ ಬುಧ ಬಂದು ಕೂರುತ್ತಾನಲ್ಲ, ಹೆಚ್ಚುವರಿ ‘ಎ’ ಏಕೆ? ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರಿಗಳು ‘ಚುಕ್ಕೆಯ ನಂತರದ್ದು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. 1985ರ ಮಾರ್ಚ್ 15ರಂದು ಮೊತ್ತಮೊದಲ ಡಾಟ್ ಕಾಮ್ ಹೆಸರು ನೋಂದಾಯಿಸಿದ್ದು ಅಮೆರಿಕದ ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ. ಕಂಪನಿ ದಿವಾಳಿಯಾಯಿತು, ಹೆಸರನ್ನು ಬೇರೆಯವರು ಕೊಂಡರು. ಬುಧ ಅಲ್ಲಿ ಏನು ಮಾಡುತ್ತಿದ್ದನೋ.

ನಮ್ಮ ರೈಲ್ವೆಯನ್ನು ನೋಡಿ. ನಿಲ್ದಾಣದ ಪೂರ್ಣ ಹೆಸರು ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ. ಸಂಕೇತ ಮಾತ್ರ ಯು, ಬಿ, ಎಲ್. ಮೂರೇ ಅಕ್ಷರ ಇಟ್ಟುಕೊಂಡು ಜಗತ್ತಿನಲ್ಲೇ ಉದ್ದವಾದ 1,507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಟಿದ್ದಾರೆ. ನಮ್ಮವರ ಹತ್ತಡಿ ಅಂಗಡಿಗೆ ಮೂವತ್ತಕ್ಷರದ ವಿಳಾಸ. ನಿಯಮದಲ್ಲಿ ಚುಕ್ಕೆಗೆ ಮೊದಲು 63 ಅಕ್ಷರಗಳವರೆಗೆ ಅವಕಾಶವಿದೆ ಎಂದು ಇವರಿಗೆ ಯಾರೂ ಹೇಳದಿರಲಿ.

ಮೊನ್ನೆ ದುರ್ಗದ ಬೈಲಿನ ಹತ್ತಿರ ಒಂದು ಅಂಗಡಿಯ ಗಲ್ಲಾದ ಬಳಿ ಹುಡುಗನೊಬ್ಬ ಫೋನಿನಲ್ಲಿ ಇಂಥದ್ದೇ ಒಂದು ವಿಳಾಸ ಹೇಳುತ್ತಿದ್ದ. ಹಿಂದೆ ಮಿರ್ಚಿ ಬಾಣಲೆಯ ಸದ್ದು, ಮುಂದೆ ಆಟೋಗಳ ಹಾರ್ನ್. ‘ಇಲ್ಲ ಅಕ್ಕಾ, ಎರಡು ಎಲ್. ಆಮೇಲೆ ಮೂರು ಎ. ಆಮೇಲೆ ಗೆರೆ ರೀ. ಕೆಳಗಿನ ಗೆರೆ ಅಲ್ಲ, ನಡುವಿನದು. ಅಲ್ಲ ರೀ, ಎಲ್ ಆದ ಮೇಲೆ ಎ.’ ಕೊನೆಗೆ ಆ ಅಕ್ಕ ಏನು ಅಂದರೋ, ಹುಡುಗ ಬೆವರು ಒರೆಸಿಕೊಂಡು, ‘ಆಯಿತು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುತ್ತೇನೆ’ ಎಂದ.

ಕನ್ನಡದಲ್ಲೇ ಹೆಸರಿಡಬಹುದಲ್ಲ ಎನ್ನುವಿರಿ. ಇಡಬಹುದು, ಡಾಟ್ ಕಾಮ್‌ನ ಜಾಗಕ್ಕೆ ಡಾಟ್ ಭಾರತ ಎಂಬುದು ಕನ್ನಡ ಲಿಪಿಯಲ್ಲೇ ಇದೆ. ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ಮೇಲೆ ಎಲ್ಲರೂ ಅಕ್ಷರಗಳನ್ನು ಅಳೆದು ಬರೆಸಿದರು, ಆದರೆ ಡಾಟ್ ಭಾರತದ ಸುದ್ದಿಗೆ ಹೋದವರನ್ನು ನಾನು ಕಂಡಿಲ್ಲ. ಅಡ್ಡಿ ಏನೆಂದು ನನಗೆ ಹೊಳೆದಿದೆ: ಒತ್ತಕ್ಷರಕ್ಕೆ ಯಾವ ಗ್ರಹ ಎಂಬುದು ಕ್ಯಾಲ್ಡಿಯನ್ ಕೋಷ್ಟಕದಲ್ಲಿ ಇಲ್ಲ.

ಇಷ್ಟೆಲ್ಲ ನಕ್ಕ ಮೇಲೂ ನನಗೆ ಸಿಟ್ಟು ಬರುವುದು ಬೇರೆ ಕಡೆ. ಹೆಸರಿನ ಅಕ್ಷರ ಅಕ್ಷರಕ್ಕೂ ಗ್ರಹ ಕೇಳುವ ಈ ಜನ, ಆ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಕೇಳುವುದಿಲ್ಲ. ಡೊಮೇನ್ ಹೆಸರು ಖರೀದಿ ಪತ್ರವಾದ ಆಸ್ತಿಯಲ್ಲ, ಬಾಡಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಅದನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿ, ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಹೋಗಿರುತ್ತಾನೆ. ಎಚ್ಚರಿಕೆಯ ಸಂದೇಶಗಳೆಲ್ಲ ಅವನಿಗೇ ಹೋಗುತ್ತವೆ. ಅವಧಿ ಮುಗಿದ ಮೇಲೂ ನೋಂದಣಿ ಕಂಪನಿ ಸಾಮಾನ್ಯವಾಗಿ ಕೆಲವು ದಿನ ಕಾಯುತ್ತದೆ. ಡಾಟ್ ಕಾಮ್ ಆದರೆ ಅನಂತರವೂ 30 ದಿನ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಗಲ್ಲಾಪೆಟ್ಟಿಗೆಯ ಕೀಲಿಯನ್ನು ಮಗನಿಗೂ ಕೊಡದ ಯಜಮಾನರು ಈ ಪಾಸ್‌ವರ್ಡನ್ನು ಕಣ್ಣಿನಿಂದಲೂ ನೋಡಿರುವುದಿಲ್ಲ. ಒಂದು ದಿನ ಅಂಗಡಿಯ ವಿಳಾಸ ಒತ್ತಿದರೆ ಸೀರೆಯ ಬದಲು ರಮ್ಮಿ ಆಟದ ಜಾಹೀರಾತು ಬರುತ್ತದೆ. ಗಿರಾಕಿ ಫೋನ್ ಮಾಡಿ ಕೇಳಿದರೆ ಯಜಮಾನರು ನಿಟ್ಟುಸಿರು ಬಿಟ್ಟು, ‘ಏನು ಮಾಡುವುದು, ನಮ್ಮ ಗ್ರಹಚಾರ’ ಎನ್ನುತ್ತಾರೆ.

ಗ್ರಹಚಾರವಲ್ಲ ಸಾಹುಕಾರರೇ, ನವೀಕರಣದ ಹಣ ಕಟ್ಟಿಲ್ಲ.