ಆ ಚೌಕ ಆವರಣ ತೆಗೆದಿದ್ದು ಯಾರು?

ತಿಂಗಳ ಕೊನೆ ದಿನ. ಬಸ್ಸು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದೆ, ಫೋನ್ ಬಂತು: "ಮೇಡಂ, ಬಿಲ್ ಬಾಟ್ ನಿಂತೋಗಿದೆ." ಬಿಲ್‌ಗಳನ್ನು ತಾನೇ ಎಂಟ್ರಿ ಮಾಡೋ ನಮ್ಮ ಪ್ರೋಗ್ರಾಂ ಅದು, ನಿನ್ನೆ ಸಂಜೆವರೆಗೂ ಚೆನ್ನಾಗೇ ಓಡಿತ್ತು!

ಬೆಳ್ಳಂದೂರು ತಲುಪಿದವಳೇ ಪ್ರಾಜೆಕ್ಟ್ ಡಾಟ್ ಜೇಸನ್ ಫೈಲ್ ತೆಗೆದೆ. ಇಂಥ ಬಾಟ್ ಕಟ್ಟೋ ಸಾಫ್ಟ್‌ವೇರ್ ಯುಐಪಾತ್‌ನಲ್ಲಿ ಬಾಟ್ ಯಾವ ಪ್ಯಾಕೇಜು (ಅಂದ್ರೆ ಸಿದ್ಧ ಕೋಡಿನ ಕಟ್ಟು), ಅದರ ಯಾವ ಆವೃತ್ತಿ ಬಳಸಬೇಕು ಅನ್ನೋದೆಲ್ಲ ಇರೋದು ಅಲ್ಲೇ. ಆವೃತ್ತಿ ಸಂಖ್ಯೆ [ ] ಈ ಚೌಕ ಆವರಣದೊಳಗಿದ್ದರೆ ಅದು ಸ್ಟ್ರಿಕ್ಟ್, ಅಂದ್ರೆ ಇದೇ ಬೇಕು, ಬೇರೆ ಬೇಡ. ಆವರಣ ಇಲ್ಲದಿದ್ದರೆ ಲೋಯೆಸ್ಟ್ ಅಪ್ಲಿಕಬಲ್: ಆ ಆವೃತ್ತಿ ಸಿಗದಿದ್ದಾಗ ಅದರ ಮೇಲಿನದನ್ನು ಹುಡುಕಿ ಎತ್ತಿಕೊಳ್ಳುತ್ತೆ. ನಮ್ಮ ಎಕ್ಸೆಲ್ ಪ್ಯಾಕೇಜಿನ ಆವರಣ ಮಾಯ. ಸಾಲದ್ದಕ್ಕೆ ಸರ್ವರ್‌ನಲ್ಲಿದ್ದ ಹಳೇ ಆವೃತ್ತಿಯನ್ನೂ ಯಾರೋ "ಕ್ಲೀನ್" ಮಾಡಿದ್ದಾರೆ. ಬಾಟ್ ಹೊಸದನ್ನು ಎಳ್ಕೊಂಡು ದಿನಾಂಕದ ಕಾಲಂ ಬೇರೆ ಥರ ಓದಿ ಮುಗ್ಗರಿಸಿದೆ.

ಕೇಳಿದ್ರೆ ಒಬ್ಬರೂ ಬಾಯಿ ಬಿಡಲ್ಲ. "ಸುಮ್ನೆ ಅಪ್‌ಡೇಟ್ ಬಟನ್ ಒತ್ತಿದ್ದು ಅಷ್ಟೇ" ಅಂತಾರೆ. ಅಷ್ಟೇ ಅಂದ್ರೇನು? ಆ ಬಟನ್ ಒತ್ತೋ ಮುಂಚೆ ಟೆಸ್ಟ್ ಮೆಷಿನ್‌ನಲ್ಲಿ ಒಂದ್ಸಲ ಓಡಿಸಿ ನೋಡೋಕೆ ಎಷ್ಟು ಹೊತ್ತು ಬೇಕು? ಗ್ರೂಪಲ್ಲಿ ಒಂದು ಸಾಲು ಹಾಕೋಕೆ? ಬೇರೆ ಟೀಮಿನವರು ಜಾವಾ ಕೋಡಲ್ಲಿ ಹೀಗೆ ಕೈಯಾಡಿಸಿದ್ರೆ ರಿವ್ಯೂನಲ್ಲೇ ತಡೀತಾರೆ. ಬಾಟ್ ಅಂದ್ರೆ ಮಾತ್ರ ಯಾಕಿಷ್ಟು ಸಸಾರ?

ಅಕೌಂಟ್ಸ್ ಹುಡುಗಿ ಅಷ್ಟೂ ಬಿಲ್ಲನ್ನು ಕೈಯಲ್ಲೇ ಎಂಟ್ರಿ ಮಾಡ್ತಾ ಕೂತಿದ್ದಳು. ಮೂರು ಗಂಟೆಯಾದ್ರೂ ಅವಳ ಊಟದ ಡಬ್ಬಿ ಮುಚ್ಚಳ ತೆಗೆದಿರಲಿಲ್ಲ.